ಬಸವಯ್ಯನ ಸೆಟ್ಟು

ಹಾಲಿನ ಕ್ಯಾನಿನೊಳಗೆ ಬಿದ್ದು ಎದ್ದಂದಿನಿಂದ ಬಸವಯ್ಯನ ಮೊಬೈಲು ಕಿವಿಯಲ್ಲಿ ಗುಟ್ಟು ಹೇಳುವುದನ್ನು ಮರೆತಿತ್ತು. ಏನಿದ್ದರೂ ಸ್ಪೀಕರಿನಲ್ಲೇ, ಊರಿಗೆಲ್ಲ ಕೇಳುವಂತೆ. ಮಂಗಳವಾರ ಬೆಳಿಗ್ಗೆ ಡೈರಿಯ ಮುಂದೆ ಹಾಲು ಹಾಕುವವರ ಸಾಲು ಹನುಮಂತನ ಬಾಲದಂತೆ ಬೆಳೆದಿದ್ದಾಗಲೇ ಅದು ಬಾಯಿಬಿಟ್ಟಿತು.

“ಹಲೋ, ಬಸವಯ್ಯ ಅವ್ರ ಮನೇನಾ? ಕನಕಪುರದಿಂದ ಭಾನುಪ್ರಿಯ ಮಾತಾಡ್ತಿರೋದು. ಸೆಟ್ ಆಯ್ತು, ಇವತ್ತೇ ಬಂದ್ಬುಡಿ. ಟೈಟ್ ಅನ್ಸುದ್ರೆ ನಾನೇ ಒಸಿ ಸರಿ ಮಾಡ್ಕೊಡ್ತೀನಿ.”

ಬಸವಯ್ಯ ಫೋನ್ ಕಟ್ ಮಾಡುವಷ್ಟರಲ್ಲಿ ಸಾಲಿಗೆ ಸಾಲೇ ಕಿವಿಯಾಗಿತ್ತು.

ಕೋಡಿಹಳ್ಳಿ ಪಕ್ಕದ ಆ ಊರಿನ ಡೈರಿಗೆ ಬಸವಯ್ಯ ಇಪ್ಪತ್ತು ವರ್ಷದಿಂದ ಕಾರ್ಯದರ್ಶಿ. ಮುಂದಿನ ಹಲ್ಲುಗಳು ಗಟ್ಟಿಯಾಗಿದ್ದವು, ಅದರಿಂದ ಯಾರಿಗೂ ತಿಳಿದಿರಲಿಲ್ಲ; ಒಳಗೆ ದವಡೆ ಹಲ್ಲೆಲ್ಲ ಉದುರಿ ಅವನ ಬಾಯಿ ಬಾಗಿಲಷ್ಟೇ ಉಳಿದ ಪಾಳು ಮನೆಯಂತಾಗಿತ್ತು. ಮಗಳು ರಮ್ಯಾಳ ಮದುವೆ ಮೊನ್ನೆ ಮುಗಿದಿತ್ತು. ಗುರುವಾರ ಚನ್ನಪಟ್ಟಣದ ಕಡೆ ಬೀಗರೂಟ. ಹೊಸ ಬೀಗರು ಎಲೆಗೆ ನಲ್ಲಿಮೂಳೆ ಹಾಕಿಸಿ, ಎದುರಿಗೇ ನಿಂತು ನೋಡುವಾಗ ಬರೀ ಸಾರು ಹೀರಿ ಏಳುವುದುಂಟೆ? ಅದಕ್ಕೇ ಹೆಂಡತಿಗೂ ಹೇಳದೆ ಕನಕಪುರಕ್ಕೆ ಹೋಗಿ ಹಲ್ಲಿನ ಸೆಟ್ಟಿಗೆ ಅಳತೆ ಕೊಟ್ಟು ಬಂದಿದ್ದ.

“ಏನ್ಲಾ ಬಸವ, ಪಂಪ್‌ಸೆಟ್ಟಾ?” ಎಂದ ನರಸಯ್ಯ. ಅವನು ಬಸವಯ್ಯನ ಓರಗೆಯವನು.

“ಪಂಪ್‌ಸೆಟ್ಟಿಗೆ ಯಾರಾರ ಭಾನುಪ್ರಿಯ ಅಂತ ಹೆಸರಿಕ್ತಾರಾ ನರಸಯ್ಯಣ್ಣ?” ಸಾಲಿನ ಕೊನೆಯಿಂದ ಪಡ್ಡೆ ಹುಡುಗ ದೀಪು ಕೂಗಿದ. “ನಮ್ ವಯಸ್ಸಿನೋರು ಸೆಟ್ ಆಯ್ತು ಅಂದ್ರೆ, ಹುಡುಗಿ ಒಪ್ಪುದ್ಲು ಅಂತ!”

“ಥೂ ಮುಚ್ಲಾ! ಸೆಟ್ ಅಲ್ಲ, ವೆಟ್ಟು! ದನದ ಡಾಕ್ಟ್ರ ಆಫೀಸಿಂದ ಕಣ್ಲಾ,” ಎಂದು ಬಸವಯ್ಯ ಗದರಿದ.

ಪಕ್ಕದ ಮನೆಯ ಲತಾಮಣಿ ಸೊಂಟದ ಮೇಲೆ ಕೈಯಿಟ್ಟಳು. “ಟೈಟ್ ಆದ್ರೆ ಸರಿ ಮಾಡ್ಕೊಡೋ ದನದ ಡಾಕ್ಟ್ರು ಯಾರಣ್ಣ? ಹಸ ಬ್ಯಾಡ್ವಂತಾ, ನೀನೊಬ್ನೇ ಹೋದ್ರೆ ಸಾಕಾ?”

“ವೆಟ್ಟಲ್ಲ... ನೆಟ್ಟು. ರೇಷ್ಮೆ ಹುಳಕ್ಕೆ ಹಾಕೋ ನೆಟ್ಟು.”

“ಹುಳ ಸಾಕೋದು ಬುಟ್ಟು ಆರು ವರ್ಸ ಆಯ್ತಲ್ಲೋ!” ಎಂದ ನರಸಯ್ಯ. “ಇದು ದೀಪು ಹೇಳ್ದಂಗೇ ಕಣ್ರಪ್ಪೋ. ಬೇಕಾದ್ರೆ ನಾಟಿ ಕೋಳಿ ಬೆಟ್ಟು!”

“ಸೆಟ್ಟು, ವೆಟ್ಟು, ನೆಟ್ಟು, ಬೆಟ್ಟು ಎಲ್ಲಾ ಆಯ್ತು. ಶಿವಲಿಂಗಮ್ಮಕ್ಕಂಗೆ ಒಂದ್ ಮಾತು ಹೇಳ್ತೀನಿ. ಪೆಟ್ಟೂ ಆಗ್ಬುಡ್ಲಿ,” ಎನ್ನುತ್ತಾ ಲತಾಮಣಿ ಕ್ಯಾನೆತ್ತಿ ಹೊರಟೇಬಿಟ್ಟಳು.

ಬಸವಯ್ಯನ ಜೀವ ಬಾಯಿಗೆ ಬಂತು. “ತಾಯೀ, ನಿಂತ್ಕಳವ್ವ! ಒಡವೆ ಸೆಟ್ಟು ಕಣವ್ವ! ಓಲೆ, ಸರ, ಬಳೆ! ಬೀಗರೂಟಕ್ಕೆ ನಿಮ್ಮಕ್ಕಂಗೇ ಅಂತ ಹೇಳಿ ಮಾಡ್ಸಿವ್ನಿ!”

ಲತಾಮಣಿ ನಿಂತಳು. ಆಮೇಲೆ ಮೊದಲಿಗಿಂತ ಜೋರಾಗಿ ಓಡಿದಳು.

ಅವನು ಮನೆ ಮುಟ್ಟುವಾಗ ಶಿವಲಿಂಗಮ್ಮ ಧಾರೆ ಸೀರೆಯುಟ್ಟು ಜಗಲಿಯಲ್ಲಿ ಕೂತಿದ್ದಳು. ಪಕ್ಕದಲ್ಲಿ ಸಾಕ್ಷಿ ಹೇಳಲು ಬಂದವಳಂತೆ ಲತಾಮಣಿ.

“ಏನ್ರೀ, ಮೂವತ್ತು ವರ್ಸಕ್ಕೆ ಇವತ್ತು ನೆಪ್ಪಾಯ್ತಾ ನಾನು?” ಎಂದಳು ಶಿವಲಿಂಗಮ್ಮ. ಕಣ್ಣು ತುಂಬಿತ್ತು. ಆ ಕಣ್ಣು ನೋಡಿ ಬಸವಯ್ಯನಿಗೆ ನಿಜ ಹೇಳಲು ನಾಲಿಗೆಯೇ ಹೊರಳಲಿಲ್ಲ. ಮೂವರೂ ಬಸ್ಸು ಹತ್ತಿದರು.

ಕನಕಪುರದಲ್ಲಿ ಇಳಿದವನೇ ಹೊತ್ತು ತಳ್ಳಲು ಹೋಟೆಲಿಗೆ ನುಗ್ಗಿದ. “ಮೂರು ಸೆಟ್ಟು!” ಎಂದು ಸಪ್ಲೈಯರ್ ಅಡುಗೆಮನೆಗೆ ಕೂಗಿದ್ದಕ್ಕೆ ಕೂತಲ್ಲೇ ಬೆಚ್ಚಿಬಿದ್ದ. ಸೆಟ್ ದೋಸೆ ಬಂತು. ಅದನ್ನು ಸಾಗುವಿನಲ್ಲಿ ನೆನೆಸಿ ನೆನೆಸಿ ಮುಕ್ಕಾಲು ಗಂಟೆ ನುಂಗಿದ.

“ತಿನ್ನೋ ಸೆಟ್ಟು ಸಾಕು ಎದ್ದೇಳಣ್ಣ. ಹಾಕ್ಕೊಳ್ಳೋ ಸೆಟ್ಟು ತಗಳಾನ,” ಎಂದು ಲತಾಮಣಿ ಎಬ್ಬಿಸಿದಳು.

ಅವನ ಗ್ರಹಚಾರಕ್ಕೆ, ಅಳತೆ ಕೊಟ್ಟು ಬಂದಿದ್ದ ಕಟ್ಟಡದಲ್ಲಿ ಕೆಳಗೆ ಒಡವೆ ಅಂಗಡಿ, ಮೇಲೆ ಹಲ್ಲಿನ ಆಸ್ಪತ್ರೆ. ಹೆಂಗಸರಿಬ್ಬರನ್ನೂ ಅಂಗಡಿಯ ಕುರ್ಚಿಯಲ್ಲಿ ಕೂರಿಸಿ, “ನೋಡ್ತಿರಿ, ಬಂದೆ,” ಎಂದವನೇ ಮೆಟ್ಟಿಲನ್ನು ಎರಡೆರಡಾಗಿ ಹತ್ತಿದ. ಹಲ್ಲಾದರೂ ಬಾಯಿಗೆ ಬಂದರೆ, ಮುಂದಿನ ಸುಳ್ಳಿಗೆ ಒಂದು ಧೈರ್ಯ.

ಮೇಜಿನ ಮೇಲೆ ಡಬ್ಬಿ ತೆರೆದಿತ್ತು, ಒಳಗೆ ಗುಲಾಬಿ ಬಣ್ಣದ ಸೆಟ್ಟು. ಭಾನುಪ್ರಿಯ ಒಳಗಿನಿಂದ ಬರುವ ಮೊದಲೇ ಎತ್ತಿ ಬಾಯಿಗೆ ತುರುಕಿಕೊಂಡ. ಅರ್ಧ ಹೋಯಿತು. ಇನ್ನರ್ಧ ಹೋಗಲೂ ಇಲ್ಲ, ಬರಲೂ ಇಲ್ಲ.

“ಸಾರ್, ಸಾರ್! ಅದು ನಿಮ್ದಲ್ಲ!” ಭಾನುಪ್ರಿಯ ಓಡಿ ಬಂದಳು.

ಅಷ್ಟರಲ್ಲಿ ಬಾಗಿಲ ಬಳಿ ಇನ್ನೊಂದು ದನಿ: “ಅಯ್ಯೋ, ತಗೀರಿ ಅದ! ಅದು ನಂದು!”

ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದಳು ಶಿವಲಿಂಗಮ್ಮ. ಗಂಡ ಮೇಲೆ ಹತ್ತಿದ್ದನ್ನು ಕಂಡು, ತನ್ನ ಗುಟ್ಟು ಬಯಲಾಯಿತೆಂದೇ ಹೆದರಿ ಹಿಂದೆಯೇ ಬಂದಿದ್ದಳು.

“ನಿಂಗೂ ದವಡೆ ಹಲ್ಲಿಲ್ವೇನಮ್ಮಿ?” ಬಾಯಿ ಬಿಡಿಸಿಕೊಂಡ ಮೇಲೆ ಬಸವಯ್ಯ ಕೇಳಿದ.

“ಹೋಗಿ ವರ್ಸ ಆಯ್ತು. ಬೀಗರೆದ್ರು ಮರ್ವಾದೆ ಹೋಗ್ಬಾರ್ದು ಅಂತ, ಸಂಘದ ಮೀಟಿಂಗು ಅಂದ್ಕಂಡು ಇಲ್ಲಿಗೆ ಬತ್ತಿದ್ದೆ. ಫೋನ್ ನಂಬರ್ ಕೇಳುದ್ರು, ನಿಮ್ದು ಬುಟ್ರೆ ನಂಗಿನ್ಯಾವ್ದು ಗೊತ್ತು?”

ಒಂದು ವರ್ಷದಿಂದ ಮನೆಯಲ್ಲಿ ಅವರೆಕಾಳು ಬೆಣ್ಣೆಯಂತೆ ಬೇಯುತ್ತಿದ್ದುದೇಕೆಂದು ಬಸವಯ್ಯನಿಗೆ ಆಗ ಹೊಳೆಯಿತು. ಒಬ್ಬರ ಮುಖ ಒಬ್ಬರು ನೋಡಿಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಭಾನುಪ್ರಿಯ ಸೆಟ್ಟನ್ನು ಚೆನ್ನಾಗಿ ತೊಳೆದು ಶಿವಲಿಂಗಮ್ಮನಿಗೆ ಕೂರಿಸಿದಳು. ಹೇಳಿ ಮಾಡಿಸಿದಂತೆ ಕೂತಿತು.

“ನಂದು?”

“ನಿಮ್ದು ಮುಂದಿನ ಮಂಗಳವಾರ ಸಾರ್.”

ಕೆಳಗೆ ಲತಾಮಣಿ ಕಾಯುತ್ತಿದ್ದಳು. “ಸೆಟ್ಟೆಲ್ಲಿ ಅಕ್ಕ?”

“ಒಂದು ವಾರ ತಡ ಆಯ್ತದಂತೆ ಕಣವ್ವ,” ಎಂದಳು ಶಿವಲಿಂಗಮ್ಮ. “ಆದ್ರೇನು, ಓಲೆ, ಸರ, ಬಳೆ ಮೂರೂ ಅಂತ ನಿನ್ನೆದ್ರುಗೇ ಮಾತು ಕೊಟ್ಟವ್ರಲ್ಲ.”

ಬಸವಯ್ಯ ಏನೋ ಹೇಳಲು ಬಾಯಿ ತೆರೆದ. ಹೆಂಡತಿ ಬಾಯ್ತುಂಬ ನಕ್ಕಳು. ಅಂಥ ನಗು ನೋಡಿ ಎಷ್ಟು ಕಾಲವಾಗಿತ್ತೋ, ತೆರೆದ ಬಾಯನ್ನು ಸುಮ್ಮನೆ ಮುಚ್ಚಿಕೊಂಡ.

ಬಸ್ ನಿಲ್ದಾಣದಲ್ಲಿ ಕೆಂಡದ ಮೇಲೆ ಮುಸುಕಿನ ಜೋಳ ಸುಡುತ್ತಿದ್ದರು. ಶಿವಲಿಂಗಮ್ಮ ಒಂದು ತೆನೆ ಕೊಂಡು, ನಿಂಬೆಹಣ್ಣು ಖಾರ ತಿಕ್ಕಿಸಿ, ಎಂದಿನ ಅಭ್ಯಾಸದಂತೆ ಎರಡಾಗಿ ಮುರಿದು ದಪ್ಪ ಭಾಗವನ್ನು ಗಂಡನ ಕೈಗಿಟ್ಟಳು.