ಬೀಗರೂಟದ ತಲೆ ಮತ್ತು ನನ್ನ ಮೈದುನ

ನನ್ನ ಮೈದುನನಷ್ಟು ತಲೆ ಇದ್ದ ಮನುಷ್ಯ ಆಗ ಮದ್ದೂರಿನಲ್ಲಿ ಇನ್ನೊಬ್ಬ ಇರಲಿಲ್ಲ. ಕೋಳಿಯದು ಒಂಬತ್ತು, ಕಪ್ಪೆಯದು ಲೆಕ್ಕವಿಲ್ಲ, ಮೀನಿನದಂತೂ ಕುಕ್ಕೆಗಟ್ಟಲೆ! ಸ್ವಂತದ್ದು ಒಂದಿತ್ತೇ ಎಂದು ಮಾತ್ರ ಕೇಳಬೇಡಿ.

ನನ್ನ ಗಂಡನ ತಮ್ಮ, ಮೈಸೂರಿನಲ್ಲಿ ಕಾಲೇಜಿಗೆ ಹೋಗಿ ಬಂದವನು. ಮಿದುಳಿನ ಅಡಿಯಲ್ಲಿ ಪಿಟ್ಯುಟರಿ ಎಂಬ ಕಾಳಿದೆ, ಮೈ ಬೆಳೆಯುವುದೂ ಬಸಿರು ಬಾಣಂತನ ನಡೆಯುವುದೂ ಅದರ ರಸದಿಂದಲೇ ಎಂದು ಅಲ್ಲಿ ಯಾರೋ ಹೇಳಿಕೊಟ್ಟಿದ್ದರು. ಮೀನಿಗೂ ಅದೇ ಕಾಳು, ಅದೇ ಜಾಗ. ಮೀನಿನಿಂದ ಮನುಷ್ಯರವರೆಗೆ ಬರುವಷ್ಟರಲ್ಲಿ ಆ ರಸ ಎಷ್ಟು ಬದಲಾಯಿತು, ಎಷ್ಟು ಹಾಗೇ ಉಳಿಯಿತು? ಇದೇ ಅವನ ಹುಚ್ಚು. ಕಿಟಕಿಯಲ್ಲಿ ಐದು ಸೀಸೆ ಸಾಲಾಗಿಟ್ಟು ಚೀಟಿ ಅಂಟಿಸಿದ್ದ: ಮೀನು, ಕಪ್ಪೆ, ಕೋಳಿ, ಕುರಿ, ನಾವು. ಐದನೆಯದು ಖಾಲಿ. ನಮ್ಮ ಮನೆಗೆ ಬಂದ ನೆಂಟರು ಮಧ್ಯಾಹ್ನ ಕಣ್ಣು ಮುಚ್ಚುತ್ತಲೇ ಇರಲಿಲ್ಲ!

ಕುರಿಯ ಸೀಸೆ ತುಂಬಿದ್ದು ನನ್ನ ಬೀಗರೂಟದಲ್ಲಿ. ಎರಡನೆಯ ಮಹಾಯುದ್ಧ ಶುರುವಾಗುವ ಹಿಂದಿನ ವರ್ಷ, ನನ್ನ ತವರು ಬೆಳಕವಾಡಿಯಲ್ಲಿ. ಅಲ್ಲಿ ಮೊದಲ ಕುರಿಯ ತಲೆ ಊರ ಗೌಡರ ಎಲೆಗೇ ಹೋಗಬೇಕು. ಎಲೆ ಹಾಕಿಯಾಯಿತು, ತಲೆಯೇ ಇಲ್ಲ! ಹುಡುಕಿದರೆ ಮೈದುನ ಕೊಟ್ಟಿಗೆಯ ಹಿಂದೆ ಅದನ್ನು ಒಡೆದು ಕೂತಿದ್ದ. ಪಕ್ಕದಲ್ಲಿ ನನ್ನ ತಂಗಿ. ಅವಳನ್ನು ಅವನಿಗೆ ಕೊಡುವ ಮಾತು ಆಗಲೇ ನಡೆದಿತ್ತು.

"ನೋಡು, ಕಡ್ಲೆಕಾಳಷ್ಟು. ನಿನ್ ತಲೇಲೂ ಒಂದದೆ" ಎನ್ನುತ್ತಿದ್ದ. ಹೆಣ್ಣಿಗೆ ಹೀಗೂ ಒಲವು ತಿಳಿಸುತ್ತಾರೆಯೇ? ಅವಳೋ ಕಣ್ಣರಳಿಸಿ ಕೇಳುತ್ತಿದ್ದಳು!

ಅಪ್ಪ ಕೆಂಡವಾದರು. "ಗೌಡ್ರ ಎಲೆ ಮುಂದೆ ನನ್ ಮಾನ ಕಳುದ್ಬುಟ್ಯಲ್ಲೋ! ಇನ್ನೊಂದ್ ಎಣ್ಣು ನಿಮ್ ಮನೆಗಿಲ್ಲ. ನಿಮ್ ಒಸ್ಲೂ ತುಳಿಯಾಕಿಲ್ಲ."

ಮಾತು ಮುರಿಯಿತು. ನನಗೂ ತವರು ಮುಗಿಯಿತು. ಕರೆಯಲು ಯಾರೂ ಬರಲಿಲ್ಲ, ಕರೆಯದೆ ಹೋಗುವ ಧೈರ್ಯ ನನಗಿರಲಿಲ್ಲ.

ಮೈದುನ ಹಿತ್ತಲಲ್ಲಿ ಹೊಂಡ ತೋಡಿ ಹೊಳೆಯ ಗೆಂಡೆಮೀನು ತಂದು ಬಿಟ್ಟ. ಅವು ಹೊಟ್ಟೆ ತುಂಬ ಮೊಟ್ಟೆ ಹೊತ್ತು ಹೊಳೆಯ ಹೊಸ ನೀರಿಗೆ ಕಾಯುತ್ತಿದ್ದವು. ನಿಂತ ನೀರಿನಲ್ಲಿ ಇಡುವುದೇ ಇಲ್ಲವಂತೆ. ಅವನ್ನು ನೋಡಿದರೆ ನನಗೆ ಅಳು ಬರುತ್ತಿತ್ತು. ಆ ರಸ ಒಳಗೆ ಹೋದರೆ ಹೊಂಡದಲ್ಲೇ ಮೊಟ್ಟೆ ಇಡುತ್ತವೆಂದು ಕುರಿಯ ಕಾಳನ್ನು ಅರೆದು ಸೂಜಿಯಲ್ಲಿ ಚುಚ್ಚಿದ. ಏನೂ ಆಗಲಿಲ್ಲ. "ಬಲು ದೂರದ ನೆಂಟಸ್ತಿಕೆ ಅತ್ಗೆ, ಹತ್ರದೋರ್ದೇ ಬೇಕು. ಹೊಸ ನೀರ್ಗೆ ಮೊಟ್ಟೆ ಇಡಾಕ್ ಬಂದ ಮೀನಿಂದೇ ಆಗ್ಬೇಕು" ಎಂದ. ನನ್ನ ತವರು ಕಿತ್ತುಕೊಂಡ ತಲೆ ಕೊನೆಗೆ ಕೆಲಸಕ್ಕೇ ಬರಲಿಲ್ಲ!

ಮರುವರ್ಷ ಹೊಳೆ ಕೆಂಪಾಗುವ ಹೊತ್ತಿಗೆ ಮಳವಳ್ಳಿ ಕಡೆಯ ಬಸ್ಸಿನ ಕಂಡಕ್ಟರು ಒಂದು ಗಂಟು ಕೊಟ್ಟ. "ಬೆಳಕವಾಡೀಲಿ ಕೊಟ್ರು ಕಣಮ್ಮ. ಎಸ್ರು ಏಳ್ಬ್ಯಾಡಿ ಅಂದ್ರು." ಒಳಗೆ ಪುಟ್ಟ ಸೀಸೆ, ಸಾರಾಯಿಯಲ್ಲಿ ಮುಳುಗಿದ ಮೀನಿನ ಕಾಳುಗಳು. ಕುರಿಯದು ನಡೆಯಲಿಲ್ಲವೆಂಬ ಸುದ್ದಿ ಅದೇ ಬಸ್ಸಿನಲ್ಲಿ ಹೋಗಿತ್ತೇನೋ. ಕೊಟ್ಟಿಗೆಯ ಹಿಂದೆ ಒಂದು ಸಲ ನೋಡಿದ್ದನ್ನು ತಂಗಿ ಮೀನಿನ ತಲೆಯಲ್ಲಿ ಹುಡುಕಿ ತೆಗೆದಿದ್ದಳು! ಸುತ್ತಿದ್ದ ಬಟ್ಟೆ ಅವ್ವನ ಹಳೆಯ ಸೀರೆಯ ಚೂರು. ಸೀಸೆ ಅವನು ತೆಗೆದುಕೊಂಡ, ಚೂರು ನಾನು ತೆಗೆದುಕೊಂಡೆ. ಅದರಲ್ಲಿ ಒಲೆಯ ಹೊಗೆ ಮತ್ತು ಹೊಳೆಯ ವಾಸನೆ ಇತ್ತು.

ಐದು ವರ್ಷ ಹೀಗೇ ನಡೆಯಿತು. ಯುದ್ಧ ಬಂದು ಬಸ್ಸು ಇದ್ದಿಲಿನ ಹೊಗೆಯಲ್ಲಿ ಓಡತೊಡಗಿದರೂ ಗಂಟು ತಪ್ಪಲಿಲ್ಲ. ಮುಂಗಾರು ಬಂತೆಂದರೆ ಅವನು ಬಸ್ಸಿನ ದಾರಿ ಕಾಯುತ್ತಿದ್ದ. ಸುಳ್ಳೇಕೆ, ನಾನೂ ಕಾಯುತ್ತಿದ್ದೆ. ತಂಗಿ ಬಂದ ಗಂಡುಗಳನ್ನೆಲ್ಲ ಒಲ್ಲೆ ಅನ್ನುತ್ತಿದ್ದಾಳೆಂದು ಕಂಡಕ್ಟರೇ ಸುದ್ದಿ ತರುತ್ತಿದ್ದ.

ನಾಲ್ಕು ವರ್ಷ ಚುಚ್ಚಿ ಸೋತ ಮೇಲೆ ಐದನೆಯ ವರ್ಷ ಗೆಂಡೆ ಮೊಟ್ಟೆ ಇಟ್ಟಿತು! ಮೈದುನ ಹೊಂಡದ ಸುತ್ತ ಕುಣಿದ. ಕುಣಿದು ಸುಮ್ಮನಿರಬಾರದೇ? ಕಂಡಕ್ಟರಿಗೆ ಹೇಳಿ ಕಳಿಸಿದ: "ಕೆಲ್ಸ ಆಯ್ತು, ಇನ್ ಕಳಿಸ್ಬ್ಯಾಡ ಅನ್ನು."

"ಕಾಳು ಬ್ಯಾಡ ಅಂದ್ಯೋ, ಅವಳ್ನೇ ಬ್ಯಾಡ ಅಂದ್ಯೋ?" ಎಂದೆ. ಅವನ ಮುಖ ಬಿಳುಚಿತು. ಆ ಯೋಚನೆಯೇ ಅವನಿಗೆ ಬಂದಿರಲಿಲ್ಲ. ಅಂದಿನಿಂದ ಹೊಂಡದ ಕಡೆ ತಲೆ ಹಾಕದೆ ನಡುಮನೆಯಲ್ಲಿ ಕೂತುಬಿಟ್ಟ.

ನಾಲ್ಕನೆಯ ದಿನ ಬೆಳಗ್ಗೆ ಅಪ್ಪ ಬಾಗಿಲಲ್ಲಿ ನಿಂತಿದ್ದರು. ಕೂದಲೆಲ್ಲ ಬೆಳ್ಳಗಾಗಿತ್ತು. ಕೈಯಲ್ಲಿ ಬಾಳೆ ಎಲೆ ಮುಚ್ಚಿದ ಕುಕ್ಕೆ. ನಾನು ಕಾಲಿಗೆ ನೀರು ತಂದಿಟ್ಟೆ.

"ಕಳಿಸ್ಬ್ಯಾಡ ಅಂದ್ನಂತೆ. ಮೂರು ದಿನದಿಂದ ಉಂಡಿಲ್ಲ ನಿನ್ ತಂಗಿ" ಎಂದರು. "ಅವ್ಳ ಸೀಸೆಗೆ ಸಾರಾಯಿ ತಂದ್ಕೊಟ್ಟೋನು ಯಾರು ಅನ್ಕಂಡಿದ್ದೀಯವ್ವ? ನಾನೇ ಕಣವ್ವ! ಐದು ವರ್ಸ. ಒಂದ್ ತೊಟ್ಟು ಕುಡೀದೆ ಊರಲ್ಲೆಲ್ಲ ಕುಡುಕ ಅನ್ನಿಸ್ಕಂಡೆ. ಎಲ್ಲಾ ದಂಡ ಮಾಡ್ಬುಡ್ತಾನಾ ಇವ್ನು?"

ಆಮೇಲೆ ಹೊಸಿಲು ದಾಟಿ ಕುಕ್ಕೆಯನ್ನು ಅವನ ಮುಂದಿಟ್ಟರು. "ತಗಳ್ಲಾ. ಗೌಡ್ರನ್ನ ಕೇಳೇ ತಂದಿವ್ನಿ. ಇದು ನಿಂದು."

ಎಲೆ ಸರಿಸಿದರೆ ಕುರಿಯ ತಲೆ. ತಲೆ ಕಂಡರೆ ಕತ್ತಿಗೆ ಓಡುವವನು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತ.

"ಇದ್ನ ಒಡೆಯಾಕಿಲ್ಲ ಮಾವ" ಎಂದ.

ನಾನು ಅಪ್ಪನ ಹೆಗಲ ವಸ್ತ್ರ ಎಳೆದುಕೊಂಡು ಮುಖ ಒರೆಸಿಕೊಂಡೆ. ಅದೇ ಹೊಗೆ, ಅದೇ ಹೊಳೆ.