ಷಡ್ಡಕ ಹೇಳಿದ ಬಣ್ಣ

ನನ್ನ ಷಡ್ಡಕನಿಗೆ ಬಣ್ಣದ ಹುಚ್ಚು ಹಿಡಿದಿದೆ ಅಂದರೆ ನಮ್ಮ ಕಡೆ ಯಾರೂ ನಂಬುವುದಿಲ್ಲ. ಹೊಟ್ಟೆಕಿಚ್ಚಿಗೆ ಹೇಳುತ್ತಾನೆ ಅನ್ನುತ್ತಾರೆ. ಹೌದು, ಹೊಟ್ಟೆಕಿಚ್ಚಿಗೇ ಹೇಳುತ್ತಿದ್ದೇನೆ! ನನಗೆ ಹೊಟ್ಟೆಕಿಚ್ಚು ಇದೆ ಅಂದ ಮಾತ್ರಕ್ಕೆ ಅವನ ಹುಚ್ಚು ಸುಳ್ಳಾಗುತ್ತದೆಯೇ?

ಷಡ್ಡಕ ಅಂದರೆ ನನ್ನ ಹೆಂಡತಿಯ ಅಕ್ಕನ ಗಂಡ. ಶಿಗ್ಲಿಯ ಅದೇ ಮನೆಗೆ ನನಗಿಂತ ಮೊದಲು ಅಳಿಯನಾಗಿ ಹೋಗಿ, ಅಲ್ಲಿ ಸಿಗುವ ಒಳ್ಳೆಯ ಹೆಸರನ್ನೆಲ್ಲ ಗುಡಿಸಿ ಒಟ್ಟಿಕೊಂಡವನು. ನಾನು ಹೋಗುವ ಹೊತ್ತಿಗೆ ನನಗೇನೂ ಉಳಿದಿರಲಿಲ್ಲ. ಮುಂಡರಗಿಯ ಒಂದು ಸೀರೆ ಅಂಗಡಿಯಲ್ಲಿ ಅವನ ಕೆಲಸ. ಸೀರೆಗೆ ಹೊಂದುವ ಕುಪ್ಪಸದ ಖಣ ಹುಡುಕಿ ಸೋತ ಹೆಂಗಸರು ಇವನ ಮುಂದೆ ಬಂದು ನಿಲ್ಲುತ್ತಾರೆ. ಇವನು ಸೀರೆಯನ್ನು ಮುಟ್ಟುವುದೂ ಇಲ್ಲ. ಕಣ್ಣು ಸಣ್ಣ ಮಾಡಿ ಒಮ್ಮೆ ನೋಡುತ್ತಾನೆ, ತಿರುಗಿ ನೋಡದೆ ಕೈ ಹಿಂದೆ ಚಾಚಿ ಕಪಾಟಿನಿಂದ ಒಂದು ಖಣ ಎಳೆಯುತ್ತಾನೆ. ಅದು ಹೊಂದಿಬಿಡುತ್ತದೆ. ಇದೂ ಒಂದು ದೊಡ್ಡಸ್ತಿಕೆಯೇ? ನಾನು ಟೆಂಪೋ ಓಡಿಸುವವನು. ನೋಡದೆ ಕೈ ಹಾಕಿ ನಾನೂ ದಿನವೆಲ್ಲ ಗೇರು ಬದಲಿಸುತ್ತೇನೆ. ಯಾವಳಾದರೂ ನಿಂತು ಹೊಗಳಿದ್ದಾಳೆಯೇ?

ಅಂಗಡಿಯಲ್ಲೇ ಇದ್ದಿದ್ದರೆ ಹೋಗಲಿ ಅನ್ನುತ್ತಿದ್ದೆ. ಗದಗ ಜಿಲ್ಲೆ ಆಯಿತು ನೋಡಿ, ಅಲ್ಲಿಂದ ಕೆಟ್ಟಿತು. ಹೊಸ ಕಚೇರಿಗಳಿಗೆ ಧಾರವಾಡದಿಂದ ಸಾಹೇಬರು ಬರುತ್ತಾರೆ, ಬಾಡಿಗೆಗೆ ಮನೆ ಹಿಡಿಯುತ್ತಾರೆ ಅಂತ ಗದಗ-ಬೆಟಗೇರಿಯಲ್ಲಿ ಮನೆ ಇದ್ದವರೆಲ್ಲ ಹಳೆಯ ಸುಣ್ಣ ಕೆರೆಯಲು ನಿಂತರು. ಅಲ್ಲಿಯ ತನಕ ಬಣ್ಣ ಅಂದರೆ ಏನು? ಸುಣ್ಣಕ್ಕೆ ಒಂದು ಚಿಟಿಕೆ ನೀಲಿ. ಈಗ ಅಂಗಡಿಯವರು ಬಣ್ಣದ ಪಟ್ಟಿಗಳಿದ್ದ ಕಾರ್ಡು ಕೈಗೆ ಕೊಡತೊಡಗಿದರು. ಒಂದೇ ಹಳದಿಯಲ್ಲಿ ಒಂದು ಸಾಲು ಹಳದಿ! ಗಂಡ ಮೇಲಿನದಕ್ಕೆ ಬೆರಳಿಟ್ಟರೆ ಹೆಂಡತಿ ಕೆಳಗಿನದಕ್ಕೆ. ಎಷ್ಟೋ ಮನೆಗಳಲ್ಲಿ ಮಾತು ನಿಂತಿತು. ಆಗ ಯಾವಳೋ ಒಬ್ಬಳಿಗೆ ಮುಂಡರಗಿಯ ಖಣದವನ ನೆನಪಾಯಿತು. ಅಷ್ಟೇ, ಅಂಗಡಿಗೆ ರಜೆ ಬಂದರೆ ಸಾಕು, ನಮ್ಮ ಷಡ್ಡಕ ಬಸ್ಸು ಹತ್ತಿದ. ಒಂದು ಪೈಸೆ ಮುಟ್ಟುತ್ತಿರಲಿಲ್ಲ. ಅದೇ ನನಗೆ ಹೆಚ್ಚು ಉರಿ. ದುಡ್ಡಿಗೆ ಮಾಡಿದ್ದರೆ ಬೈಯಲಿಕ್ಕಾದರೂ ಬರುತ್ತಿತ್ತು.

ಅವನ ಶಾಸ್ತ್ರ ಬಹಳ ಸರಳ. ಮನೆ ಅಂದರೆ ಸೀರೆ. ಗೋಡೆ ಒಡಲು, ಬಾಗಿಲು ಕಿಟಕಿ ಅಂಚು, ದೇವರ ಕೋಣೆ ಸೆರಗು. ಅಂಚು ಒಡಲನ್ನು ಮೀರಬಾರದು, ಸೆರಗು ಎರಡನ್ನೂ ಮೀರಬೇಕು. ಇಷ್ಟು ಹೇಳಿದರೆ ಸಾಕು, ಕೇಳಿದವರು ಬಾಯಿ ತೆರೆದುಕೊಂಡು ನಿಲ್ಲುತ್ತಾರೆ. ನಾನು ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವನು. ನನಗೆ ಮನೆ ಅಂದರೆ ಮನೆ, ಸೀರೆ ಅಂದರೆ ಸೀರೆ.

ಒಮ್ಮೆ ಶಿರಹಟ್ಟಿಯ ನಿವೃತ್ತ ಮಾಸ್ತರರೊಬ್ಬರ ಹೊಸ ಮನೆಗೆ ಅವನನ್ನು ನಾನೇ ಟೆಂಪೋದಲ್ಲಿ ಕರೆದುಕೊಂಡು ಹೋಗಬೇಕಾಯಿತು. ಮಾಸ್ತರರು ಬಣ್ಣದ ಕಾರ್ಡು ಹಿಡಿದುಕೊಂಡು ಬಂದರು. ಇವನು ಅದನ್ನು ಮಡಚಿ ಬದಿಗಿಟ್ಟು, ಅಡುಗೆ ಮನೆಗೆ ಹೋಗಿ ಒಂದು ಬಿಸಿ ರೊಟ್ಟಿ ಕೇಳಿದ. ಅದನ್ನು ಗೋಡೆಯ ಮುಂದೆ ಕನ್ನಡಿಯಂತೆ ಹಿಡಿದು, ತಲೆ ಓರೆ ಮಾಡಿ ನೋಡಿದ.

"ಮಾಸ್ತರ, ಜ್ವಾಳದ ರೊಟ್ಟಿ ಯಾ ಬಣ್ಣದ ಮುಂದ ಹಿಡದ್ರ ಹೊಟ್ಟಿ ಹಸಿತೈತಿ, ಅದ ಅಡಿಗಿ ಮನಿ ಬಣ್ಣರಿ."

ಮಾಸ್ತರರು ತಲೆದೂಗಿದರು. ಇವನು ಆ ರೊಟ್ಟಿಯನ್ನು ಶೇಂಗಾ ಚಟ್ನಿಯ ಜೊತೆ ತಿಂದು, ಎರಡನೇ ಗೋಡೆಗೆ ಬೇರೆ ರೊಟ್ಟಿ ಕೇಳಿದ. ಬೆಳಕು ಬೇರೆ ಕಡೆಯಿಂದ ಬೀಳುತ್ತದಂತೆ! ಅಡುಗೆ ಮನೆಗೆ ನಾಲ್ಕು ಗೋಡೆ. ನಾಲ್ಕೂ ಗೋಡೆಗಳ ಪರೀಕ್ಷೆ ಮುಗಿಯುವ ಹೊತ್ತಿಗೆ ಚಟ್ನಿಯ ಬಟ್ಟಲು ಖಾಲಿ. ನಾನು ಹೊರಗೆ ಟೆಂಪೋದಲ್ಲಿ ಕುಳಿತು ವಾಸನೆ ಕುಡಿದೆ. ಅಲ್ಲ, ಟೆಂಪೋ ಹೊಡೆದುಕೊಂಡು ಬಂದವನಿಗೆ ಒಂದು ಗೋಡೆಯನ್ನಾದರೂ ಬಿಟ್ಟುಕೊಡಬಾರದೇ?

ಶಿಗ್ಲಿಯಲ್ಲಿ ಮಾವನ ಮನೆಗೆ ಬಣ್ಣ ಹೊಡೆಸಿದಾಗಲೂ ಹೀಗೆಯೇ. ಹಿರಿಯ ಅಳಿಯ ಮಂಚದ ಮೇಲೆ ಕಾಲು ಚಾಚಿ ಕುಳಿತು ಬೆರಳು ತೋರಿಸುವುದು, ಕಿರಿಯ ಅಳಿಯ ಏಣಿ ಹಿಡಿಯುವುದು. ಏಣಿ ಹಿಡಿದವನಿಗೂ ಕಣ್ಣು ಇರುತ್ತವೆ ಅಂತ ನಾನೊಮ್ಮೆ ಧೈರ್ಯ ಮಾಡಿ, ಪಡಸಾಲೆಗೆ ಹಸಿರು ಚೆಂದ ಕಾಣಬಹುದು ಅಂದೆ. ಎಲ್ಲರೂ ಮಂಚದ ಕಡೆ ನೋಡಿದರು. ಆಮೇಲೆ ಅತ್ತೆ, ಇನ್ನೊಂದು ಕಪ್ ಚಹಾ ಬೇಕೇನು ಅಂತ ಬಹಳ ಪ್ರೀತಿಯಿಂದ ಕೇಳಿದರು.

ಅವತ್ತೇ ನಿಶ್ಚಯ ಮಾಡಿದೆ. ನನ್ನದೂ ಒಂದು ಮನೆ ಆಗಲಿ, ಅಲ್ಲಿ ಒಂದು ಗೋಡೆಯಾದರೂ ನನ್ನ ಮಾತಿನಂತೆ ಆಗಬೇಕು. ಆಸೆ ದೊಡ್ಡದೇನಲ್ಲ. ಒಂದು ಗೋಡೆ.

ಬೆಟಗೇರಿಯಲ್ಲಿ ಎರಡು ಕೋಣೆ, ಒಂದು ಅಡುಗೆ ಮನೆ ಕಟ್ಟಿಸಿದೆ. ಗೋಡೆಗೆ ಮೆತ್ತಿದ ಸಿಮೆಂಟಿನ ಗಿಲಾಯ ಒಣಗುವುದರೊಳಗೆ ಹೆಂಡತಿ, ಭಾವಾರನ್ನ ಕೇಳೋಣು ಅಂದಳು. ಅಡುಗೆ ಮನೆ? ಭಾವಾರನ್ನ ಕೇಳೋಣು. ಪಡಸಾಲೆ? ಭಾವಾರನ್ನ. ಮಲಗುವ ಕೋಣೆಗೂ ಅದನ್ನೇ ಅಂದಾಗ ನನಗೆ ತಡೆಯಲಾಗಲಿಲ್ಲ.

"ನನ್ನ ಮದಿವಿ ಆಗೂ ಮುಂದನೂ ಭಾವಾರನ್ನ ಕೇಳಿದ್ದೇನು?"

ಅವಳು ಅಕ್ಕಿ ಆರಿಸುತ್ತ ತಲೆ ಎತ್ತದೆ ಹೇಳಿದಳು. "ಕೇಳಿದ್ವಿ. ಒಂದೆರಡ ಸಲ ತೊಳದ್ರ ಬಣ್ಣ ಕುಂಡ್ರತೈತಿ, ಚಿಂತಿಲ್ಲ ಅಂದ್ರು."

ಹೀಗೆ ಒಪ್ಪಿಗೆಯಾದ ಗಂಡ ನಾನು!

ಅವನು ಬಂದ. ರೊಟ್ಟಿಯ ಪರೀಕ್ಷೆ ಆಯಿತು. ಅಡುಗೆ ಮನೆಗೆ ಬದನೆ ಹೂವಿನ ಬಣ್ಣ, ಪಡಸಾಲೆಗೆ ಕಡಲೆ ಹಿಟ್ಟಿನ ಬಣ್ಣ ಅಂತ ಹೇಳಿದ. ಆಮೇಲೆ ಪಡಸಾಲೆಯ ಒಂದು ಮೂಲೆಗೆ ಹೋಗಿ ನಿಂತು, ಇಲ್ಲಿ ಯಾರು ಕೂಡುತ್ತಾರೆ ಅಂತ ಕೇಳಿದ. ಹೆಂಡತಿ 'ನಾನು' ಅಂದಳು ಅಂದುಕೊಂಡಿರಾ? ಇವರು ಅಂತ ನನ್ನನ್ನು ತೋರಿಸಿದಳು. ಅವನು ನನ್ನ ಅಂಗಿಯನ್ನು ಕಣ್ಣು ಸಣ್ಣ ಮಾಡಿ ನೋಡಿದ.

"ನಮ್ಮ ತಮ್ಮ ಒರಗೂ ಜಾಗಾಕ್ಕ ಟೊಂಕದ ಮಟ ಕಂದು ಬಣ್ಣದ ಆಯಿಲ್ ಪೇಂಟ್ ಹಚ್ಚಸ್ರಿ. ಗ್ರೀಸ್ ಕಾಣಂಗಿಲ್ಲ."

ಹಚ್ಚಿಸಿದರು. ನನ್ನ ಮನೆಯ ಪಡಸಾಲೆಯಲ್ಲಿ ನನಗಾಗಿ ಕೊಲೆಯಾದ ಜಾಗದಂತೆ ಒಂದು ಕಂದು ಚೌಕ! ಅಲ್ಲಿ ನಾನು ಕೂಡುವುದನ್ನೇ ಬಿಟ್ಟೆ. ಇನ್ನೊಂದು ಗೋಡೆಗೆ ಒರಗಿದೆ. ಅಲ್ಲಿ ಗ್ರೀಸು ಮೂಡಿತು. ಹೆಂಡತಿ ಅದನ್ನು ತೋರಿಸಿ, ಭಾವಾರು ಸುಳ್ಳು ಹೇಳುವುದಿಲ್ಲ ಅಂದಳು.

ಮಲಗುವ ಕೋಣೆ ಒಂದು ಉಳಿದಿತ್ತು. ಮುಂದಿನ ರಜೆಗೆ ಬಂದು ನೋಡುತ್ತೇನೆ ಅಂತ ಷಡ್ಡಕ ಹೇಳಿದ್ದ. ಅಷ್ಟರಲ್ಲಿ ಹೆಂಡತಿ ತವರಿಗೆ ಹೋದಳು. ನಾನು ಟೆಂಪೋಗೆ ಹೊಡೆಸಿ ಉಳಿದಿದ್ದ ಹಸಿರು ಬಣ್ಣದ ಡಬ್ಬಿಗಳನ್ನು ಹೊರಗೆ ತೆಗೆದೆ. ಅದು ಅಂತಿಂಥ ಹಸಿರಲ್ಲ. ಲಕ್ಷ್ಮೇಶ್ವರದ ಸಂತೆಯಲ್ಲಿ ಎಷ್ಟು ಗಾಡಿ ನಿಂತರೂ ನನ್ನ ಗಾಡಿ ದೂರದಿಂದ ಗುರುತು ಸಿಗುವಂಥ ಹಸಿರು. ಒಂದು ಗೋಡೆ ಬಳಿದೆ. ಕೈ ನಿಲ್ಲಲಿಲ್ಲ. ನಾಲ್ಕೂ ಬಳಿದೆ! ದೀಪ ಹಾಕಿದರೆ ನಾಲ್ಕೂ ಗೋಡೆಯಲ್ಲಿ ದೀಪ ಕಂಡಿತು. ನನ್ನ ಮುಖವೂ ಕಂಡಿತು, ಸ್ವಲ್ಪ ಉದ್ದಕ್ಕೆ. ಪಕ್ಕದ ಮನೆಯ ಮುದುಕಿ ಬಾಗಿಲಲ್ಲಿ ನಿಂತು ನೋಡಿ ಮೆಲ್ಲಗೆ ಹೇಳಿದಳು.

"ಭಾಳ ಚಂದ ಆಗೇತ್ಯಪಾ. ಒಳಗ ಕಾಲಿಟ್ರ ಟಿಕೀಟ ತಗೀಬೇಕು ಅನಸ್ತೈತಿ."

ಹೆಂಡತಿ ಶಿಗ್ಲಿಯಿಂದ ಬಂದಳು. ಗಂಟು ಕೆಳಗಿಡದೆ ಹೊಸ್ತಿಲಲ್ಲಿ ನಿಂತು ನೋಡಿದಳು. ಊಟವಾದ ಮೇಲೆ ಹಾಸಿಗೆ ಸುತ್ತಿಕೊಂಡು ಅಡುಗೆ ಮನೆಗೆ ಹೊರಟಳು. ಭಾವನನ್ನು ಕರೆತರುವ ತನಕ ಆ ಕೋಣೆಗೆ ಕಾಲಿಡುವುದಿಲ್ಲವಂತೆ. ಅಲ್ಲಿಂದ ಜಗಳ ಶುರುವಾಯಿತು. ನನ್ನ ಟೆಂಪೋ, ನನ್ನ ಅಂಗಿ, ನನ್ನ ತಾಯಿ, ಮದುವೆಯಲ್ಲಿ ನಾನು ಹಾಕಿಕೊಂಡಿದ್ದ ಕೋಟು, ಎಲ್ಲ ಬಂದವು. ಕೊನೆಗೆ ನಾನು ನನ್ನ ಒಳಗಿನದನ್ನು ಹೇಳಿಬಿಟ್ಟೆ.

"ಈ ಮನ್ಯಾಗ ಒಂದ ಗ್ವಾಡಿ ನನ್ನ ಮಾತಿನ ಮ್ಯಾಲೆ ನಿಂದ್ರಬಾರದೇನು?"

"ಗ್ವಾಡಿ ನಿಂತೈತಲ್ಲ. ನಾ ಹೊರಗ ನಿಂತೀನಿ, ಅಷ್ಟ."

ರಜೆಯ ದಿನ ನಾನೇ ಹೋಗಿ ಷಡ್ಡಕನನ್ನು ಕರೆತಂದೆ. ಗೆದ್ದವನನ್ನು ನನ್ನ ಗಾಡಿಯಲ್ಲೇ ಕೂಡಿಸಿಕೊಂಡು ಬಂದೆ!

ಅವನು ಕೋಣೆಯ ನಡುವೆ ನಿಂತ. ಹಸಿರು ಗೋಡೆಯನ್ನು ನೋಡಿದ. ಏನಂದಾನು ಅಂತ ನಾನು ಹಲ್ಲು ಕಚ್ಚಿಕೊಂಡು ಕಾಯ್ದೆ. ಅವನು ಬಣ್ಣದ ಮಾತೇ ಎತ್ತಲಿಲ್ಲ. ಜಗಳವಾಯಿತೇ ಅಂತ ಹೆಂಡತಿಯನ್ನು ಕೇಳಿದ. ಆಯಿತು ಅಂದಳು. ಏನೇನು ಅಂದೆ ಅಂತ ಕೇಳಿದ. ಅವಳು ಒಂದೂ ಬಿಡದೆ ಹೇಳಿದಳು, ಕೋಟಿನ ಮಾತನ್ನೂ. ಅವನು ಮಂಚದ ತುದಿಗೆ ಕುಳಿತು, ಬೇರೆಯವರ ಮನೆಯ ಮದುವೆ ಊಟದ ಸುದ್ದಿ ಕೇಳುವವನಂತೆ ಕೇಳಿದ. ಆಮೇಲೆ, ತಮ್ಮಾ ನನ್ನ ಮನೀಗೆ ಬಿಟ್ಟು ಬಾ ಅಂತ ಎದ್ದುಬಿಟ್ಟ. ರೊಟ್ಟಿಯನ್ನೂ ಕೇಳಲಿಲ್ಲ.

ಡಂಬಳ ದಾಟಿದ ಮೇಲೆ ಅವನು ಗಾಜಿನ ಹೊರಗೆ ನೋಡುತ್ತ ಹೇಳಿದ.

"ತಮ್ಮಾ, ನಿನ್ನ ನೋಡಿದ್ರ ನನಗ ಹೊಟ್ಟಿ ಉರಿತೈತಿ."

ಗಾಡಿ ಒಂದು ಸಲ ಜಿಗಿಯಿತು. ತಪ್ಪು ನನ್ನ ಕಾಲಿನದು.

"ನನ್ನ ನೋಡೇನ್ರಿ ಅಣ್ಣಾರ?"

"ನಿನ್ನಾಕಿ ಒಂದ ಬಣ್ಣಕ್ಕ ಇಷ್ಟ ಜಗಳಾ ತಗೀತಾಳ. ನನ್ನಾಕಿ ಮದಿವ್ಯಾದಾಗಿಂದ ಒಂದ ಸಲರ ಇದ ಬೇಕು, ಇದ ಬ್ಯಾಡ ಅಂದಿಲ್ಲ. ಏನ ಕೇಳಿದ್ರೂ 'ನಿಮಗ ಸೇರಿದ್ದ ನನಗ.' ಊರ ಹೆಣಮಕ್ಕಳಿಗೆಲ್ಲಾ ಯಾವುದ ಸೇರತೈತಿ ಅಂತ ನೋಡಿದ ಕೂಡಲೆ ಹೇಳತೀನಿ. ಆಕೀಗೇನ ಸೇರತೈತಿ, ನನಗ ಗೊತ್ತಿಲ್ಲೋ."

ಇಷ್ಟು ವರ್ಷ ನಾನೊಬ್ಬನೇ ಉರಿಯುತ್ತಿದ್ದೇನೆ ಅಂದುಕೊಂಡಿದ್ದೆ. ಪಕ್ಕದ ಸೀಟಿನಲ್ಲೇ ಇನ್ನೊಂದು ಒಲೆ ಇತ್ತು! ಖುಷಿಯಾಗಬೇಕಿತ್ತು ನನಗೆ. ಆಯಿತು ಕೂಡ, ಸ್ವಲ್ಪ ದೂರ. ಮುಂಡರಗಿಯ ದೀಪಗಳು ಕಂಡಾಗ ಅವನ ಮುಖ ನೋಡಿದೆ. ಖುಷಿ ಇಳಿಯಿತು.

ಅವನ ಮನೆಗೆ ನಾನು ಹಬ್ಬಕ್ಕೆ ಹೋಗಿದ್ದೆ, ಉಂಡು ಬಂದಿದ್ದೆ. ಗೋಡೆಗಳನ್ನು ನೋಡಿದ್ದು ಅವತ್ತೇ ಮೊದಲು. ಪಡಸಾಲೆ, ಅಡುಗೆ ಮನೆ, ದೇವರ ಗೂಡು ಎಲ್ಲ ಬರೀ ಸುಣ್ಣ. ಒಂದು ಚಿಟಿಕೆ ನೀಲಿಯೂ ಇಲ್ಲದ ಅಚ್ಚ ಬಿಳಿ ಸುಣ್ಣ! ಅರ್ಧ ಜಿಲ್ಲೆಗೆ ಬಣ್ಣ ಹೇಳಿದವನ ಮನೆ.

ಹೆಂಡತಿಯ ಅಕ್ಕ ಚಹಾ ತಂದರು. ಮೆತ್ತಗೆ ನಡೆಯುವ, ಮೆತ್ತಗೆ ಮಾತಾಡುವ ಹೆಂಗಸು. ನನಗೆ ಸುತ್ತಿ ಬಳಸಿ ಮಾತಾಡಲು ಬರುವುದಿಲ್ಲ. ಈ ಮನೆಗೆ ಯಾವ ಬಣ್ಣ ಬೇಕು ಅಂತ ನೇರವಾಗಿ ಕೇಳಿದೆ. ಗಂಡ ಹೇಳಿದ್ದೇ ಆದೀತು ಅಂದರು. ನಾನು ಕಪ್ ಕೆಳಗಿಟ್ಟೆ.

"ಅವರ ಮಾತ ಬ್ಯಾಡ್ರಿ ಅಕ್ಕಾರ. ನೀವ ಹೇಳ್ರಿ. ಹೇಳೂ ತನಕ ನಾ ಚಹಾ ಕುಡಿಯಂಗಿಲ್ಲ."

ಅವರು ಸೆರಗಿಗೆ ಕೈ ಒರೆಸಿಕೊಂಡರು. ಒಮ್ಮೆ ಗಂಡನನ್ನು ನೋಡಿದರು, ಆಮೇಲೆ ಗೋಡೆಯನ್ನು.

"ಇದ ಇರಲಿರಿ, ಬೆಳ್ಳಗ. ದಿನಾ ಬಣ್ಣ ನೋಡಿ ನೋಡಿ, ಅಂಗಡಿಯಿಂದ ಬರೂದ್ರಾಗ ಇವರ ಕಣ್ಣ ಕೆಂಪಾಗಿರತಾವು. ಇಲ್ಲಿ ಬಂದ ಸುಮ್ನ ಗ್ವಾಡಿ ನೋಡಕೋತ ಕುಂಡ್ರತಾರ. ಸ್ವಲ್ಪ ಹೊತ್ತಿಗೆ ಆರತಾವು. ಅದಕ್ಕ ವರ್ಷಾ ದೀಪಾವಳಿಗೆ ನಾನ ಸುಣ್ಣಾ ಕಲಸ್ತೀನಿ. ನೀಲಿ ಹಾಕಂಗಿಲ್ಲ."

ಅವನಿಗೆ ಇದು ಗೊತ್ತಿರಲಿಲ್ಲ. ಗೊತ್ತಿದ್ದರೆ ಆ ಮುಖ ಹಾಗೆ ಆಗುತ್ತಿರಲಿಲ್ಲ. ತನ್ನ ಹೆಂಡತಿಗೆ ಬಣ್ಣದ ಗೊಡವೆಯೇ ಇಲ್ಲ ಅಂದುಕೊಂಡು ಇಷ್ಟು ವರ್ಷ ಆ ಗೋಡೆಗಳ ನಡುವೆ ಕುಳಿತಿದ್ದ. ಅವನು ನನ್ನ ಕಡೆ ತಿರುಗಿ, ಚಹಾ ಆರತೈತಿ ಕುಡಿ ಅಂದ. ನಾನು ಬಗ್ಗಿ ಚಹಾ ಕುಡಿದೆ.

ಬೆಟಗೇರಿಗೆ ವಾಪಸು ಬರುವಾಗ ದಾರಿಯುದ್ದಕ್ಕೂ ಹೊಟ್ಟೆ ಉರಿಯಿತು. ಇಷ್ಟು ದಿನ ಉರಿದಿದ್ದು ಏನೂ ಅಲ್ಲ. ನನ್ನ ಕಣ್ಣು ಎಷ್ಟು ಕೆಂಪಾಗಿದೆ, ಎಷ್ಟು ಹೊತ್ತಿಗೆ ಆರಿತು ಅಂತ ನೋಡಿಕೊಂಡು ಯಾರಾದರೂ ಸುಣ್ಣ ಕಲಸಿದರೆ ಹೇಗಿರುತ್ತದೆ?

ಮನೆಗೆ ಬಂದಾಗ ಹೆಂಡತಿ ಅಡುಗೆ ಮನೆಯಿಂದಲೇ, ಭಾವ ಯಾವ ಬಣ್ಣ ಹೇಳಿದರು ಅಂತ ಕೇಳಿದಳು.

"ಅವರೇನೂ ಹೇಳಿಲ್ಲ. ನಿನಗ ಯಾವುದ ಬೇಕು?"

ಕೈಯಲ್ಲಿ ಸೌಟು ಹಿಡಿದುಕೊಂಡೇ ಹೊರಗೆ ಬಂದಳು. ನನ್ನ ಮುಖದಲ್ಲಿ ಏನು ಕಿತಾಪತಿ ಇದೆ ಅಂತ ಹುಡುಕಿದಳು. ನಿನಗೆ ಯಾವುದು ಬೇಕು ಅಂತ ನಾನು ಅವಳನ್ನು ಕೇಳಿದ್ದು ಅದೇ ಮೊದಲು, ಅವಳ ಭಾವನೂ ಕೇಳಿರಲಿಲ್ಲ, ಅವನು ಬರೀ ಹೇಳಿದ್ದ. ಅವಳು ಸೌಟನ್ನು ಬದಿಗಿಟ್ಟು ಹಸಿರು ಕೋಣೆಯ ಹೊಸ್ತಿಲು ದಾಟಿದಳು. ಒಂದೊಂದೇ ಗೋಡೆಯ ಮುಂದೆ ನಿಂತಳು, ಅಂಗೈಯಿಂದ ಸವರಿದಳು. ನನ್ನ ಹಸಿರು ಒಂದು ಗೋಡೆಯಲ್ಲೂ ಉಳಿಯುವುದಿಲ್ಲ ಅನ್ನುವುದು ಅವಳು ನಿಂತ ರೀತಿಯಲ್ಲೇ ಕಾಣುತ್ತಿತ್ತು.

"ಹಿಂಗ ಒಮ್ಮೆಲೆ ಕೇಳಿದ್ರ ಏನ್ ಹೇಳ್ಲಿ?" ಅಂದಳು. ಮಂಚದ ಮೇಲೆ ಕುಳಿತು, ಪಕ್ಕದಲ್ಲಿ ಜಾಗ ಬಿಟ್ಟಳು. "ಕುಂಡ್ರಿ. ವಿಚಾರ ಮಾಡಿ ಹೇಳತೀನಿ."

ನಾನು ಹೋಗಿ ಕುಳಿತೆ.