ಜರ್ಮನಿಯ ಖಾಲಿ ಡಬ್ಬಿಗಳಿಗೆ ಸರ್ಕಾರಿ ನಂಬರ್

ಹಂಚಿಕೆ ನಿರೋಧ ಹಾಗೂ ವಶಪಡಿಸಿಕೊಂಡ ವಸ್ತು ಪಾಲನಾ ಇಲಾಖೆ
ಪಶ್ಚಿಮ ವಿಭಾಗೀಯ ಕಚೇರಿ, ಮಾಗಡಿ ರಸ್ತೆ, ಬೆಂಗಳೂರು
(ಮೂರನೇ ಮಹಡಿ. ಲಿಫ್ಟ್ ಇದೆ, ಬಳಸುವಂತಿಲ್ಲ.)

ಸಂಖ್ಯೆ: ಹಂನಿವಪಾಇ/ಪವಿ/ತಗಡು/ಜರ್ಮನಿ/ಖಾಲಿ/17/2008-09
ದಿನಾಂಕ: 30-06-2008

ಸುತ್ತೋಲೆ

ವಿಷಯ: ಏರ್‌ಗನ್ ಪೆಲೆಟ್‌ಗಳ ಹಳೆಯ ಜರ್ಮನ್ ಡಬ್ಬಿಗಳ ವಯಸ್ಸು ನಿಗದಿ, ಅವುಗಳ ಮೇಲೆ ನಂಬರ್ ಬರೆಯುವಿಕೆ ಹಾಗೂ ಸದ್ಯ ಅವು ಎಲ್ಲಿವೆ ಎಂಬ ಬಗ್ಗೆ.

ಉಲ್ಲೇಖ:
1) ಹಂಚಿಕೆ ಪತ್ತೆ ದಳದ ವರದಿ, ದಿ: 27-04-2008.
2) ಶ್ರೀಮತಿ ಗಿರಿಜಾದೇವಿ, ಪ್ರೌಢಶಾಲಾ ಇತಿಹಾಸ ಶಿಕ್ಷಕಿ, ಬಸವೇಶ್ವರನಗರ, ಇವರ ಮನವಿ, ಅದೇ ವಿಷಯದ ಇನ್ನೊಂದು ಮನವಿ, ಮತ್ತು ಅದೇ ವಿಷಯದ, ಆದರೆ ಮನವಿ ಎನ್ನಲಾಗದ ಧಾಟಿಯ ಮೂರನೆಯ ಪತ್ರ.
3) ಪೇಂಟರ್ ಯಲ್ಲಪ್ಪ, ಸುಂಕದಕಟ್ಟೆ, ಇವರ ಮೌಖಿಕ ಹೇಳಿಕೆ. (ಲಿಖಿತವಾಗಿ ಕೊಡುವಂತೆ ಕೇಳಲಾಗಿ, ನಕ್ಕಿರುತ್ತಾರೆ.)

ಪೀಠಿಕೆ:

ಕಳೆದ ಚುನಾವಣೆಯ ಸಂದರ್ಭದಲ್ಲಿ ಮತದಾರರಿಗೆ ಯಾರೂ ಏನನ್ನೂ ಹಂಚದಂತೆ ಕಣ್ಣಿಡಲು ಈ ಇಲಾಖೆಯ ಪತ್ತೆ ದಳವನ್ನು ನಿಯೋಜಿಸಲಾಗಿತ್ತು. ಸದರಿ ದಳವು ದಿ: 27-04-2008ರ ಭಾನುವಾರ ಮೂಡಲಪಾಳ್ಯದಲ್ಲಿ ಯಶೋದಮ್ಮ ಎಂಬುವರ ಹಿಟ್ಟಿನ ಗಿರಣಿಯ ಮೇಲಿನ ಕೋಣೆಗೆ ದಿಢೀರ್ ಭೇಟಿ ನೀಡಲಾಗಿ, ಅಲ್ಲಿ ಸ್ಥಳೀಯ ಓದುಗರ ಬಳಗದವರು ಪ್ರದರ್ಶನವೊಂದನ್ನು ಏರ್ಪಡಿಸಿದ್ದು, ಮೇಜಿನ ಮೇಲೆ ಅಂಗೈಯಗಲದ ತಗಡಿನ ಡಬ್ಬಿಗಳನ್ನು ಸಾಲಾಗಿ ಇಟ್ಟಿರುವುದು ಕಂಡುಬಂದಿತು. ಬಲೂನು ಹೊಡೆಯುವ ಏರ್‌ಗನ್ನಿಗೆ ಹಾಕುವ ಹೆಸರುಕಾಳಿನಷ್ಟು ಸೀಸದ ಗುಂಡುಗಳಿಗೆ ಪೆಲೆಟ್ ಎನ್ನುವುದೆಂದೂ, ಇವು ಅಂಥ ಗುಂಡು ತುಂಬಿಕೊಂಡು ಜರ್ಮನಿಯಿಂದ ಬರುತ್ತಿದ್ದ ಹಳೇ ಡಬ್ಬಿಗಳೆಂದೂ, ಗುಂಡು ಮುಗಿದ ಮೇಲೆ ಜನ ಎಸೆಯುತ್ತಿದ್ದುದನ್ನು ಗುಜರಿ ಅಂಗಡಿಗಳಿಂದ, ರೈಫಲ್ ಕ್ಲಬ್ಬಿನ ಹಳಬರಿಂದ ಮೂವತ್ತು ವರ್ಷಗಳಿಂದ ಕೂಡಿಹಾಕಿ ಒಂದೊಂದರ ಕಾಲವನ್ನೂ ತಾವು ಗುರುತಿಸಿರುವುದಾಗಿಯೂ ಶ್ರೀಮತಿ ಗಿರಿಜಾದೇವಿಯವರು ವಿವರಿಸಿರುತ್ತಾರೆ. ಕೇಳದಿದ್ದರೂ ವಿವರಿಸಿರುತ್ತಾರೆ.

ಮುಚ್ಚಳಗಳ ಮೇಲೆ 500 ಎಂದು ಅಚ್ಚಾಗಿದ್ದರಿಂದ, ತಲಾ ಐನೂರು ರೂಪಾಯಿಯ ಹಂಚಿಕೆ ನಡೆದಿದೆಯೆಂಬ ಬಲವಾದ ಅನುಮಾನದ ಮೇರೆಗೆ ಡಬ್ಬಿಗಳನ್ನು ತೆರೆದು ನೋಡಲಾಯಿತು. ಒಳಗೆ ಏನೂ ಇರಲಿಲ್ಲ. ಏನೂ ಇಲ್ಲದಿರುವುದು ಹಂಚಿಕೆ ಯಶಸ್ವಿಯಾಗಿ ಮುಗಿದಿರುವುದಕ್ಕೆ ಸಾಕ್ಷಿಯಾದ್ದರಿಂದ ಎಲ್ಲವನ್ನೂ ವಶಕ್ಕೆ ಪಡೆಯಲಾಯಿತು. ಆಗ ಶಿಕ್ಷಕಿಯವರು “ಸಾರ್, ಅದು ಐನೂರು ಗುಂಡು ಅಂತ. ಡಬ್ಬಿ ಖಾಲಿ ಇದ್ರೆ ನಾನೇನ್ ಮಾಡ್ಲಿ? ಅದ್ರಲ್ಲಿ ಕೆಲವು ನಾನು ಹುಟ್ಟೋಕ್ ಮುಂಚೆನೇ ಖಾಲಿ ಆಗಿರೋವು” ಎಂದು ನುಡಿದಿದ್ದು, ಇದನ್ನು ತಪ್ಪೊಪ್ಪಿಗೆ ಎಂದು ದಾಖಲಿಸಲಾಗಿದೆ.

ಅದೇ ವೇಳೆಗೆ ಹಿಂದಿನ ರಸ್ತೆಯಲ್ಲಿ ಲಾರಿಯಿಂದ ಪ್ರೆಷರ್ ಕುಕ್ಕರ್‌ಗಳನ್ನು ಇಳಿಸುತ್ತಿರುವ ಬಗ್ಗೆ ಗಿರಣಿ ಮಾಲೀಕರಾದ ಯಶೋದಮ್ಮನವರು ಗಮನ ಸೆಳೆದು, “ಅಲ್ಲಿ ಲಾರಿಗಟ್ಲೆ ಹಂಚ್ತಾವ್ರೆ, ನೀವ್ ನೋಡುದ್ರೆ ಟೀಚರಮ್ಮನ ಖಾಲಿ ಡಬ್ಬಿ ಹಿಡ್ಕೊಂಡ್ ನಿಂತಿದೀರಲ್ಲಪ್ಪಾ, ನಾಚ್ಕೆ ಆಗಲ್ವಾ?” ಎಂದು ವಿಚಾರಿಸಿರುತ್ತಾರೆ. ಲಾರಿಯು ದಳದ ಜೀಪಿನಲ್ಲಿ ಹಿಡಿಸುವುದಿಲ್ಲವಾದ್ದರಿಂದ, ಹಿಡಿಸುವಂಥದ್ದನ್ನು ಮಾತ್ರ ಹಿಡಿಯಲಾಗಿದೆ ಎಂಬ ತಾಂತ್ರಿಕ ಅಂಶವನ್ನು ಅವರಿಗೆ ಮನವರಿಕೆ ಮಾಡಿಕೊಡಲಾಯಿತು. ಮನವರಿಕೆ ಆಗಿರುವುದಿಲ್ಲ.

ಚುನಾವಣೆ ಮುಗಿದು, ಕುಕ್ಕರ್ ಹಂಚಿದವರೂ ಗೆದ್ದು, ಹಾರತುರಾಯಿಗಳು ಒಣಗಿದ ನಂತರವೂ ಡಬ್ಬಿಗಳು ಇಲಾಖೆಯ ಸುಪರ್ದಿಯಲ್ಲೇ ಇದ್ದವು. ಜೂನ್ 22ರ ಭಾನುವಾರ ಪ್ರದರ್ಶನವನ್ನು ಮತ್ತೆ ನಡೆಸಬೇಕಿರುವುದರಿಂದ ಡಬ್ಬಿಗಳನ್ನು ವಾಪಸು ಕೊಡಿ ಎಂದು ಶಿಕ್ಷಕಿಯವರು ಕೋರಿದರು. ಈ ಮಧ್ಯೆ, ವಶದಲ್ಲಿರುವ ಪ್ರತಿಯೊಂದು ವಸ್ತುವಿನ ಮೇಲೂ ಕುರ್ಚಿ, ಮೇಜು, ಬೀರುಗಳಿಗೆ ಬರೆಯುವಂತೆಯೇ ಬಿಳಿ ಎನಾಮಲ್ ಬಣ್ಣದಲ್ಲಿ ಇಲಾಖಾ ನಂಬರ್ ಬರೆಸುವುದು ವಾಡಿಕೆಯಾದ್ದರಿಂದ, ಜೂನ್ 16ರಂದು ಪೇಂಟರನ್ನು ಕರೆಸಲು ತೀರ್ಮಾನಿಸಲಾಯಿತು. ಇದನ್ನು ತಿಳಿದ ಶಿಕ್ಷಕಿಯವರು ಮೂರು ಮಹಡಿ ಹತ್ತಿ ಬಂದು, “ಬೇಡಿ ಸಾರ್, ಕೈ ಮುಗೀತೀನಿ. ಮೇಲಿರೋ ಅಕ್ಷರ ನೋಡಿನೇ ಅದರ ಕಾಲ ಹೇಳೋದು. ಬಣ್ಣ ಬಳಿದ್ರೆ ಮೂವತ್ತು ವರ್ಷದ ಕೆಲಸ ಬರೀ ತಗಡಾಗ್ಬಿಡುತ್ತೆ” ಎಂದು ಬೇಡಿಕೊಂಡರು. ಬೇಡಿಕೊಳ್ಳುವಿಕೆಗೆ ನಿಗದಿತ ನಮೂನೆ ಇಲ್ಲದ ಕಾರಣ ಅದನ್ನು ಸ್ವೀಕರಿಸಲಾಗಿಲ್ಲ.

ಇವೆಲ್ಲವನ್ನೂ ಕೂಲಂಕಷವಾಗಿ ಪರಿಶೀಲಿಸಲು ಸಮಯಾವಕಾಶವಿಲ್ಲದ ಕಾರಣ, ಎಲ್ಲಾ ಸಿಬ್ಬಂದಿಯ ಹಾಗೂ ಸಾರ್ವಜನಿಕರ ಪಾಲನೆಗಾಗಿ ಈ ಕೆಳಗಿನಂತೆ ಸೂಚಿಸಲಾಗಿದೆ:

1. “ಖಾಲಿ” ಎಂಬುದರ ಅರ್ಥ. ಸದರಿ ಬಂದೂಕು ಗಾಳಿಯ ಒತ್ತಡದಿಂದ ಗುಂಡು ಹಾರಿಸುತ್ತದೆಂದು ಶಿಕ್ಷಕಿಯವರೇ ಒಪ್ಪಿರುತ್ತಾರೆ. ಡಬ್ಬಿಗಳಲ್ಲಿ ಗಾಳಿ ಇರುವುದು ತಪಾಸಣೆಯಿಂದ ದೃಢಪಟ್ಟಿದೆ. ಆದ್ದರಿಂದ ಗಾಳಿ ಇರುವ ಡಬ್ಬಿಯನ್ನು ಖಾಲಿ ಎಂದು ಪರಿಗಣಿಸತಕ್ಕದ್ದಲ್ಲ. ಅರ್ಧ ಮದ್ದು ತುಂಬಿದೆ ಎಂದು ಪರಿಗಣಿಸತಕ್ಕದ್ದು. ಮುಚ್ಚಳ ತೆರೆಯುವಾಗ ಸಿಬ್ಬಂದಿ ಎರಡು ಹೆಜ್ಜೆ ಹಿಂದೆ ನಿಲ್ಲುವುದು.

2. ವಯಸ್ಸು. ಡಬ್ಬಿಯ ವಯಸ್ಸಿಗೆ ಪುರಾವೆಯಾಗಿ ಜನನ ಪ್ರಮಾಣಪತ್ರ, ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಅಥವಾ ಪಡಿತರ ಚೀಟಿಯನ್ನು ಮಾತ್ರ ಒಪ್ಪಲಾಗುವುದು. ಡಬ್ಬಿಯನ್ನೇ ಓದಿ ವಯಸ್ಸು ಹೇಳುವ ಶಿಕ್ಷಕಿಯವರ ವಿಧಾನದ ಬಗ್ಗೆ ಇಲಾಖೆಯ ಆಕ್ಷೇಪಣೆಗಳು ಹೀಗಿವೆ:

(ಅ) ಕೆಲವು ಡಬ್ಬಿಗಳ ಮೇಲಿರುವ ಡಿ.ಆರ್.ಜಿ.ಎಂ. ಎಂಬ ಅಕ್ಷರಗಳು ಹಳೆಯ ಜರ್ಮನಿಯ ನೋಂದಣಿ ಗುರುತೆಂದೂ, ಅಂಥವು ಸಾಮಾನ್ಯವಾಗಿ ಎರಡನೇ ಮಹಾಯುದ್ಧ ಮುಗಿಯುವುದಕ್ಕೆ ಹಿಂದಿನವೆಂದೂ ಅವರು ಹೇಳುತ್ತಾರೆ. ಇಲಾಖೆಯ ಅಭಿಪ್ರಾಯದಲ್ಲಿ ಇದು ಡೆಪ್ಯುಟಿ ರೀಜನಲ್ ಜನರಲ್ ಮ್ಯಾನೇಜರ್ ಎಂಬ ಹುದ್ದೆ. ಸದರಿ ಅಧಿಕಾರಿಗೆ ಮೂರು ಜ್ಞಾಪನಾ ಪತ್ರಗಳನ್ನು ಬರೆಯಲಾಗಿದ್ದು, ಉತ್ತರ ಬಾರದಿರುವುದರಿಂದ ಅವರು ಹಿರಿಯ ಅಧಿಕಾರಿಯೆಂದು ಖಚಿತವಾಗಿದೆ.

(ಆ) ಕಾರ್ಖಾನೆಯ ವಿಳಾಸದಲ್ಲಿ ಊರಿನ ಹೆಸರಿಗೆ ಮೊದಲು ನಾಲ್ಕಂಕಿಯ ಅಂಚೆ ಸಂಖ್ಯೆ ಇದ್ದರೆ ಅದು 1961ರಿಂದ 1993ರ ನಡುವಿನದು, ಐದಂಕಿ ಇದ್ದರೆ ಆಮೇಲಿನದು ಎನ್ನುತ್ತಾರೆ. ನಮ್ಮಲ್ಲಿ ಪಿನ್ ಕೋಡ್ ಆರಂಕಿಯದಾಗಿರುತ್ತದೆ. ಉಳಿದ ಅಂಕಿಗಳನ್ನು ಭರ್ತಿ ಮಾಡದೆ ಅಪೂರ್ಣವಾಗಿ ಸಲ್ಲಿಸಿದ ಡಬ್ಬಿಗಳನ್ನು ವಿಲೇವಾರಿಗೆ ಪರಿಗಣಿಸಲಾಗುವುದಿಲ್ಲ.

3. ತಯಾರಾದ ದೇಶ. ಬಹುಪಾಲು ಡಬ್ಬಿಗಳ ಮೇಲೆ ‘ಪಶ್ಚಿಮ ಜರ್ಮನಿ’ ಎಂದು ಇಂಗ್ಲಿಷಿನಲ್ಲಿದೆ. ಆ ಹೆಸರಿನ ಪ್ರತ್ಯೇಕ ದೇಶ 1990ರ ನಂತರ ಇಲ್ಲ, ಆದ್ದರಿಂದಲೇ ಡಬ್ಬಿಯ ಕಾಲ ಗೊತ್ತಾಗುತ್ತದೆ ಎಂದು ಶಿಕ್ಷಕಿಯವರು ಸಂತೋಷದಿಂದ ತಿಳಿಸಿದರು. ಇಲ್ಲದ ದೇಶದಲ್ಲಿ ತಯಾರಾದ ವಸ್ತುವನ್ನು ಇರುವ ವ್ಯಕ್ತಿಗೆ ಹಿಂದಿರುಗಿಸಲು ಅವಕಾಶವಿಲ್ಲ. ಹಿಂದಿರುಗಿಸಬೇಕಾದಲ್ಲಿ ಪಶ್ಚಿಮ ಜರ್ಮನಿಯಿಂದ ನಿರಾಕ್ಷೇಪಣಾ ಪತ್ರವನ್ನು, ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿ, ಕಚೇರಿ ವೇಳೆಯಲ್ಲಿ ತರುವುದು.

4. ಸಿಬ್ಬಂದಿಯ ನಡವಳಿಕೆ. ವಶಪಡಿಸಿಕೊಂಡ ಡಬ್ಬಿಗಳಲ್ಲಿ ಅಡಿಕೆ, ಗುಂಡುಪಿನ್ನು, ಶುಗರ್ ಮಾತ್ರೆ ಇಟ್ಟುಕೊಂಡಿದ್ದ ಸಿಬ್ಬಂದಿಗೆ ಕೂಡಲೇ ತೆರವುಗೊಳಿಸುವಂತೆ ಸೂಚಿಸಲಾಗಿತ್ತು. ಇನ್ನು, ದಳದ ಜೀಪಿನೊಳಕ್ಕೆ ತಾವಾಗಿಯೇ ಬಂದು ಕುಳಿತ ಕೆಲವು ಕುಕ್ಕರ್‌ಗಳನ್ನು ಅಧಿಕಾರಿಗಳ ಮನೆಗಳಲ್ಲಿ ಸುರಕ್ಷಿತವಾಗಿ ಪಾಲನೆ ಮಾಡಲಾಗುತ್ತಿದ್ದು, ದಿನಕ್ಕೆರಡು ಬಾರಿ ಶಿಳ್ಳೆ ಹೊಡೆಸಿ ಸುಸ್ಥಿತಿ ಖಾತರಿಪಡಿಸಿಕೊಳ್ಳಲಾಗುತ್ತಿದೆ. ಈ ಬಗ್ಗೆ ಪತ್ರ ವ್ಯವಹಾರ ಬೇಡ.

5. ನಂಬರಿನ ಅಳತೆ. ಪ್ರತಿ ಡಬ್ಬಿಯ ಮೇಲೆ ಇಲಾಖೆಯ ಹೆಸರು, ವಿಭಾಗ, ವರ್ಷ, ಜಪ್ತಿಯ ಕಾರಣ, ಕ್ರಮಸಂಖ್ಯೆ ಎಲ್ಲವನ್ನೂ ಎರಡಂಗುಲ ಎತ್ತರದ ಅಕ್ಷರಗಳಲ್ಲಿ ಬರೆಯತಕ್ಕದ್ದು. ಒಂದು ಡಬ್ಬಿಯ ಮೇಲೆ ಹಿಡಿಸದಿದ್ದಲ್ಲಿ ಪಕ್ಕದ ಡಬ್ಬಿಯ ಮೇಲೆ ಮುಂದುವರಿಸುವುದು. ಪಕ್ಕದ ಡಬ್ಬಿಯ ನಂಬರನ್ನು ಅದರಾಚೆಯದರ ಮೇಲೆ. ಕೊನೆಗೆ ಡಬ್ಬಿಗಳು ಸಾಲದೆ ಬಂದಲ್ಲಿ ಶಿಕ್ಷಕಿಯವರು ಹೆಚ್ಚುವರಿ ಡಬ್ಬಿಗಳನ್ನು ಸ್ವಂತ ಖರ್ಚಿನಲ್ಲಿ ಒದಗಿಸತಕ್ಕದ್ದು.

6. ಪೇಂಟರ್ ಯಲ್ಲಪ್ಪ. ಇವರು ಗದಗದ ಕಡೆಯವರಾಗಿದ್ದು, ನಿಗದಿತ ಸೋಮವಾರ ಬ್ರಷ್ ಸಮೇತ ಹಾಜರಾಗಿ, ನಂಬರಿನ ಮಾದರಿಯನ್ನು ಓದಿದ ಬಳಿಕ, “ಸಾಹೇಬ್ರ, ಡಬ್ಬಿ ನೋಡಿದ್ರ ಅಂಗೈಯಷ್ಟ ಐತಿ, ನಿಮ್ಮ ನಂಬರಿಗೆ ಲಾರಿ ಬೇಕಾಗ್ತೈತ್ರೀ” ಎಂದರು. ಲಾರಿ ಎಂಬ ಪದವನ್ನು ಕಚೇರಿಯಲ್ಲಿ ಬಳಸದಂತೆ ಅವರಿಗೆ ಮೌಖಿಕ ಎಚ್ಚರಿಕೆ ನೀಡಲಾಯಿತು. ನಂತರ ಅವರು ಚಹಾಕ್ಕೆಂದು ಕೆಳಗಿಳಿದಿದ್ದು, ಗೇಟಿನ ಬಳಿ ಶಿಕ್ಷಕಿಯವರೊಂದಿಗೆ ಮಾತನಾಡುತ್ತಿದ್ದುದನ್ನು ಕಿಟಕಿಯಿಂದ ಗಮನಿಸಲಾಗಿದೆ. ಮೇಲೆ ಬಂದವರೇ ಬಲು ಉತ್ಸಾಹದಿಂದ, ಸಂಜೆಯೊಳಗೆ ಎಲ್ಲಾ ಡಬ್ಬಿಗಳ ಮೇಲೂ ಬೆಳ್ಳಗೆ ಬರೆದು ಮುಗಿಸಿರುತ್ತಾರೆ. ಕೆಲಸದ ಅಂದಕ್ಕೆ ಅಧೀಕ್ಷಕರು ತಲೆದೂಗಿರುತ್ತಾರೆ.

ಮಾರನೆಯ ದಿನ ಒದ್ದೆ ಬಟ್ಟೆಯಿಂದ ಧೂಳು ಒರೆಸಲಾಗಿ, ಧೂಳಿನ ಜೊತೆಗೆ ಇಲಾಖೆಯೂ ಹೋಗಿತ್ತು. ಒಂದು ಡಬ್ಬಿಯ ಮೇಲೂ ಅಕ್ಷರ ಉಳಿದಿರಲಿಲ್ಲ. ಯಲ್ಲಪ್ಪನವರನ್ನು ಪ್ರಶ್ನಿಸಲಾಗಿ, “ಬಿಳೀ ಬಣ್ಣ ಅಂದ್ರಿ. ಸೀಮೆಸುಣ್ಣನೂ ಬಿಳೀನ ಐತಲ್ರೀ” ಎಂದು ಉತ್ತರಿಸಿರುತ್ತಾರೆ. ಸದರಿ ಸೀಮೆಸುಣ್ಣ ಯಾವ ಶಾಲೆಯದೆಂಬ ಬಗ್ಗೆ ತನಿಖೆ ಪ್ರಗತಿಯಲ್ಲಿದೆ.

7. ಮಾರ್ಕರ್ ಪೆನ್. ಇದರಿಂದ ಬೇಸರಗೊಂಡ ಅಧೀಕ್ಷಕರಾದ ಶ್ರೀ ಸೇತುರಾಮ ಇವರು ಜೂನ್ 18ರ ಬುಧವಾರ, ಅಳಿಸಲಾಗದ ಕಪ್ಪು ಮಾರ್ಕರ್ ಪೆನ್ನನ್ನು ಹಿಡಿದು ಸ್ವತಃ ಬರೆಯಲು ಕುಳಿತರು. ಬಾಗಿಲಲ್ಲಿ ನಿಂತಿದ್ದ ಶಿಕ್ಷಕಿಯವರು “ಅಯ್ಯೋ ಸಾರ್, ಅದೊಂದನ್ನ ಬಿಡಿ” ಎನ್ನುವಷ್ಟರಲ್ಲಿ ಮೊದಲ ಡಬ್ಬಿಯ ಮುಚ್ಚಳದ ಮೇಲೆ ‘ಹಂನಿವ’ ಎಂಬಷ್ಟು ಮೂಡಿ, ಪೆನ್ನು ಒಣಗಿತು. ಹೊಸ ಮಾರ್ಕರಿಗೆ ಬೇಡಿಕೆ ಪತ್ರ ಸಲ್ಲಿಸಬೇಕಾದಲ್ಲಿ ಅದಕ್ಕೆ ಸಮಸ್ತ ಸಿಬ್ಬಂದಿ ಉಗ್ರಾಣದ ಕಿಟಕಿಯ ಮುಂದೆ ಖುದ್ದು ನಿಂತು ಸಹಿ ಮಾಡುವುದು ನಿಯಮವಾದ್ದರಿಂದ, ಸಮಸ್ತ ಸಿಬ್ಬಂದಿ ಎದ್ದು ಹೋದರು. ಉಗ್ರಾಣದವರು ಊಟಕ್ಕೆ ಹೋಗಿದ್ದರು. ಕಾಯಲಾಯಿತು.

ವಾಪಸು ಬಂದು ನೋಡಲಾಗಿ ಮೇಜು ಸ್ವಚ್ಛವಾಗಿತ್ತು. ಮೇಜಿನ ಮೇಲೆ ಬರೆದಿದ್ದ ಮೇಜಿನ ನಂಬರ್ ಮಾತ್ರ ಇತ್ತು.

8. ಇಲಾಖೆಯ ನಿಲುವು. ನಂಬರ್ ಇಲ್ಲದ ವಸ್ತು ವಶದಲ್ಲಿರುವ ವಸ್ತುವಲ್ಲ. ವಶದಲ್ಲಿಲ್ಲದ ವಸ್ತು ಕಳುವಾಗಲು ಸಾಧ್ಯವಿಲ್ಲ. ಕಳುವಾಯಿತೆಂದು ಬರೆದಲ್ಲಿ ಆ ವೇಳೆಗೆ ಸಮಸ್ತ ಸಿಬ್ಬಂದಿ ಎಲ್ಲಿದ್ದರೆಂಬ ಪ್ರಶ್ನೆ ಏಳುವುದರಿಂದ, ಕಳುವಾಗಿಲ್ಲವೆಂದು ಈ ಮೂಲಕ ಸಾರಲಾಗಿದೆ. ಆ ಪ್ರಕಾರ ಶ್ರೀಮತಿ ಗಿರಿಜಾದೇವಿಯವರು ದಿ: 18-06-2008ರಂದು ಬಟ್ಟೆಯ ಕೈಚೀಲದಲ್ಲಿ ಏನನ್ನೂ ತೆಗೆದುಕೊಂಡು ಹೋಗಿರುವುದಿಲ್ಲ. ಹಾಗೆ ತೆಗೆದುಕೊಂಡು ಹೋಗದೇ ಇರುವ ಡಬ್ಬಿಗಳನ್ನು ಏಳು ದಿನಗಳೊಳಗೆ ಹಿಂದಿರುಗಿಸುವಂತೆ ಅವರಿಗೆ ನೋಟೀಸು ಜಾರಿ ಮಾಡಲಾಗಿತ್ತು. ಅದಕ್ಕೆ ಅವರು, “ನಾನು ಏನನ್ನೂ ಒಯ್ದಿಲ್ಲವೆಂದು ತಾವೇ ಬರೆದಿದ್ದೀರಿ. ಸಂಪೂರ್ಣ ಒಪ್ಪಿದ್ದೇನೆ. ವಂದನೆಗಳು” ಎಂದು ಅಂಚೆ ಕಾರ್ಡಿನಲ್ಲಿ ಉತ್ತರಿಸಿರುತ್ತಾರೆ. ನೋಟೀಸು ಪಾಲನೆಯಾಗಿದೆಯೋ ಇಲ್ಲವೋ ಎಂಬ ಬಗ್ಗೆ ಕಾನೂನು ಕೋಶದ ಅಭಿಪ್ರಾಯ ಕೇಳಲಾಗಿದೆ.

9. ನಿಷೇಧ. ಜೂನ್ 22ರಂದು ಗಿರಣಿಯ ಮೇಲೆ ಮತ್ತೆ ಆರಂಭವಾದ ಪ್ರದರ್ಶನದಲ್ಲಿ ಉಳಿದೆಲ್ಲಾ ಡಬ್ಬಿಗಳನ್ನು ಕಾಲಾನುಕ್ರಮದಲ್ಲಿ ಹಿಂದಿನ ಸಾಲಿಗಿಟ್ಟು, ಅಧೀಕ್ಷಕರು ಬರೆದ ಡಬ್ಬಿಯೊಂದನ್ನೇ ಮುಂದುಗಡೆ ಇಟ್ಟಿರುವುದಾಗಿ ತಿಳಿದುಬಂದಿದೆ. ಇದನ್ನು ನೋಡಲು ಜನರ ಸರತಿ ಮೆಟ್ಟಿಲಿಳಿದು ರಸ್ತೆಗೆ ಬಂದಿದೆ. ಸರತಿಯಲ್ಲಿದ್ದ ಕಾಲೇಜು ಯುವಕನೊಬ್ಬನು ಸ್ನೇಹಿತನಿಗೆ “ಮಚ್ಚಾ, ಜರ್ಮನ್ ಡಬ್ಬಿ ಮೇಲೆ ನಮ್ ಗೌರ್ಮೆಂಟ್ ಆಟೋಗ್ರಾಫ್ ಕಣೋ” ಎಂದಿರುವುದು ವರದಿಯಾಗಿದೆ. ಆದ್ದರಿಂದ ಸದರಿ ಡಬ್ಬಿಯ ಮುಂದೆ ನಗುವುದನ್ನು ನಿಷೇಧಿಸಲಾಗಿದೆ. ಸರತಿಯಲ್ಲಿ ಈಗಾಗಲೇ ನಿಂತಿರುವ ಇಲಾಖಾ ಸಿಬ್ಬಂದಿ ಸೇವಾ ಜ್ಯೇಷ್ಠತೆಯ ಪ್ರಕಾರ ನಿಲ್ಲತಕ್ಕದ್ದು.

ಸದರಿ ಡಬ್ಬಿಯ ಕೆಳಗೆ ಶಿಕ್ಷಕಿಯವರು ಅಂಟಿಸಿರುವ ಚೀಟಿಯ ಒಕ್ಕಣೆಯನ್ನು ಯಥಾವತ್ತಾಗಿ ದಾಖಲೆಗೆ ತೆಗೆದುಕೊಳ್ಳಲಾಗಿದೆ:

“ಡಬ್ಬಿ: 1961ರ ನಂತರ, 1990ರ ಒಳಗೆ. ಆ ಕಾಲ ಮುಗಿದಿದೆ.
ಮೇಲಿನ ಕಪ್ಪು ಬರಹ: ಮಾಗಡಿ ರಸ್ತೆ, ಬೆಂಗಳೂರು, 2008. ಬರೆದವರ ಕಾಲ ಇನ್ನೂ ಮುಗಿದಿಲ್ಲ.”

ಕೊನೆಯ ವಾಕ್ಯವನ್ನು ಇಲಾಖೆಯು ಶುಭಹಾರೈಕೆಯೆಂದು ಸ್ವೀಕರಿಸಿದೆ.

ಸಹಿ/-
(ಸೇತುರಾಮ)
ಅಧೀಕ್ಷಕರು, ಪಶ್ಚಿಮ ವಿಭಾಗ
ನಿರ್ದೇಶಕರ ಪರವಾಗಿ (ನಿರ್ದೇಶಕರು ಇದನ್ನು ಓದಿರುವುದಿಲ್ಲ)

ಪ್ರತಿಗಳು:
1) ಎಲ್ಲಾ ಸಿಬ್ಬಂದಿಗೆ: ಓದಿ ಮರೆಯುವ ಸಲುವಾಗಿ.
2) ಉಗ್ರಾಣಕ್ಕೆ: ಮಾರ್ಕರ್ ಪೆನ್ ಈಗ ಬೇಕಾಗಿಲ್ಲವೆಂಬ ಮಾಹಿತಿಯೊಂದಿಗೆ. ಇದಕ್ಕೂ ಸಮಸ್ತ ಸಿಬ್ಬಂದಿ ಖುದ್ದು ಸಹಿ ಮಾಡುವುದು.
3) ಪೇಂಟರ್ ಯಲ್ಲಪ್ಪನವರಿಗೆ: ಈ ಕಚೇರಿಯ ನಾಮಫಲಕವನ್ನು ಹೊಸದಾಗಿ ಬರೆದುಕೊಡಲು. ಯಾವ ಬಣ್ಣದಲ್ಲೆಂಬುದು ಅವರ ವಿವೇಚನೆಗೆ ಬಿಟ್ಟದ್ದು.
4) ಶ್ರೀಮತಿ ಯಶೋದಮ್ಮನವರಿಗೆ: ಈ ಸುತ್ತೋಲೆಯನ್ನು ಗಿರಣಿಯ ಮೇಲ್ಮಹಡಿಯಲ್ಲಿ ಪ್ರದರ್ಶನಕ್ಕೆ ಇಡಕೂಡದೆಂಬ ಷರತ್ತಿನೊಂದಿಗೆ.
5) ಶ್ರೀಮತಿ ಗಿರಿಜಾದೇವಿಯವರಿಗೆ: ಸುತ್ತೋಲೆಯ ಮೇಲೆ ದಿನಾಂಕವನ್ನು ಸ್ಪಷ್ಟವಾಗಿ ನಮೂದಿಸಲಾಗಿದ್ದು, ಅವರು ಪ್ರತ್ಯೇಕವಾಗಿ ಕಾಲ ನಿಗದಿಪಡಿಸುವ ಅಗತ್ಯವಿರುವುದಿಲ್ಲ.